ಎಲ್ಲರಿಗೂ ತಾವು ಗೊತ್ತು!

ತನ್ನನ್ನು ತಾನು ಅರಿಯಲು ಪುಣೆಯಷ್ಟು ಅನುಕೂಲದ ಊರು ಇನ್ನೊಂದಿಲ್ಲ. ಕೋರೆಗಾಂವ್ ಪಾರ್ಕಿನಲ್ಲಿ ಓಶೋ ಆಶ್ರಮ 1974ರಿಂದ ಇದೆ. ನಮ್ಮ ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಕಟ್ಟಿದ ಯೋಗ ಸಂಸ್ಥೆ 1975ರಿಂದ. ಹಿಂಜವಡಿಯ ಐಟಿಯವರಿಗೆ ವ್ಯಕ್ತಿತ್ವ ಪರೀಕ್ಷೆ ಬೇರೆ. ಆತ್ಮಜ್ಞಾನಕ್ಕೆ ಬರವಿಲ್ಲ. ಕೆಂಪು ದೀಪಕ್ಕೆ ನಿಲ್ಲುವವರಿಗೆ ಬರ.

ಯಾರನ್ನಾದರೂ ಕೇಳಿ. ‘ನಾನು ಶಿಸ್ತಿನವ, ಉಳಿದವರಿಗೆ ಬುದ್ಧಿಯಿಲ್ಲ’ ಅಂತಾರೆ. ಅನ್ನುವಾಗ ಸ್ಕೂಟರ್ ರಾಂಗ್ ಸೈಡಿನಲ್ಲಿರುತ್ತದೆ. ಹೆಲ್ಮೆಟ್ ಮೊಣಕೈಯಲ್ಲಿ. 2019ರ ಜನವರಿಯಲ್ಲಿ ಪೊಲೀಸರು ಹೆಲ್ಮೆಟ್ ಕಡ್ಡಾಯ ಅಂದಾಗ ಬೀದಿಗಿಳಿದು ವಿರೋಧಿಸಿದ ಊರಿದು. ವಿದ್ಯೆಯ ತವರುಮನೆ ಅಂತ ಬಿರುದು. ತಲೆ ಇದೆ ಅನ್ನುವ ಹೆಮ್ಮೆ, ಅದನ್ನು ಉಳಿಸಿಕೊಳ್ಳಿ ಅಂದರೆ ಸಿಟ್ಟು.

1981ರಲ್ಲಿ ಓಲಾ ಸ್ವೆನ್ಸನ್ ಎಂಬ ಸಂಶೋಧಕ ಅಮೆರಿಕದ ಒಂದು ಗುಂಪನ್ನು ಕೇಳಿದ: ನೀವು ಎಷ್ಟು ಚೆನ್ನಾಗಿ ಗಾಡಿ ಓಡಿಸುತ್ತೀರಿ? ನೂರಕ್ಕೆ 93 ಮಂದಿ ತಮ್ಮನ್ನು ಮೇಲಿನ ಅರ್ಧದಲ್ಲಿ ಕೂರಿಸಿಕೊಂಡರು. ಪುಣೆಯಲ್ಲಿ ಕೇಳಿದ್ದರೆ ಮಿಕ್ಕ ಏಳು ಮಂದಿ ಪರವೂರಿನವರು ಅಂತ ತೀರ್ಪಾಗುತ್ತಿತ್ತು.

ವ್ಯಕ್ತಿತ್ವ ಪರೀಕ್ಷೆಯ ಕಥೆ ಇನ್ನೂ ಚೆಂದ. ಬರ್ಟ್ರಂ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ಪ್ರತಿಯೊಬ್ಬರ ಕೈಗೂ ‘ನಿನ್ನದೇ’ ಅಂತ ಒಂದು ಸ್ವಭಾವಚಿತ್ರ ಇಟ್ಟ. ಎಲ್ಲರಿಗೂ ಒಂದೇ ಚೀಟಿ. ಸಾಲುಗಳನ್ನು ಹೆಕ್ಕಿದ್ದು ಜ್ಯೋತಿಷ್ಯದ ಪುಸ್ತಕದಿಂದ. ಹುಡುಗರು ಐದಕ್ಕೆ ಸರಾಸರಿ 4.26 ಅಂಕ ಕೊಟ್ಟರು. ಅದನ್ನು ಆತ ಪ್ರಕಟಿಸಿದ್ದು 1949ರಲ್ಲಿ. ಗಿಳಿಶಾಸ್ತ್ರದವನನ್ನು ನೋಡಿ ನಗುವ ಇಂಜಿನಿಯರ್ ಇವತ್ತಿಗೂ ಅಂಥ ಪರೀಕ್ಷೆಯಲ್ಲಿ ಸಿಕ್ಕ ನಾಲ್ಕಕ್ಷರದ ಸ್ವಭಾವವನ್ನು ಪ್ರೊಫೈಲಿಗೆ ಅಂಟಿಸಿಕೊಂಡು ಓಡಾಡುತ್ತಾನೆ. ಗಿಳಿಯಾದರೂ ಸಸ್ತಾ.

ನಮ್ಮವರೇನು ಕಡಿಮೆ? ‘ನಾವು ಕನ್ನಡಿಗರು, ಎಲ್ಲಿ ಹೋದರೂ ಹೊಂದಿಕೊಳ್ಳುತ್ತೇವೆ.’ ಬೆಂಗಳೂರಿಗೆ ಬಂದವರು ಕನ್ನಡ ಕಲಿಯಲಿಲ್ಲ ಅಂತ ಗುಡುಗುವುದೂ ಇವರೇ. ಪುಣೆಗೆ ಬಂದು ಹತ್ತು ವರ್ಷವಾದರೂ ತರಕಾರಿಯವಳ ಹತ್ತಿರ ಹರಕು ಹಿಂದಿ. ಮರಾಠಿ? ‘ಅರ್ಥವಾಗುತ್ತೆ, ಮಾತಾಡೋಕೆ ಬರಲ್ಲ.’ ಬೆಂಗಳೂರಿನಲ್ಲಿ ಇದೇ ಉತ್ತರ ಕೇಳಿದರೆ ಮೈ ಉರಿಯುತ್ತದೆ.

ಡ್ಯಾರಿಲ್ ಬೆಮ್ ಎಂಬ ಮನಶ್ಶಾಸ್ತ್ರಜ್ಞನ ವಾದ ಸರಳ. ಒಳಗೆ ಏನೂ ಸ್ಪಷ್ಟವಿಲ್ಲದಾಗ ನಾವು ಎಂಥವರು ಅಂತ ನಮಗೂ ತಿಳಿಯುವುದು ನಾವು ಮಾಡುವುದನ್ನು ನೋಡಿಯೇ, ಹೊರಗಿನವನು ನೋಡುವ ಹಾಗೆ. ಇದಕ್ಕೆ ಶಿಬಿರ ಬೇಡ, ಫೀಸು ಬೇಡ. ಅದಕ್ಕೇ ಯಾರಿಗೂ ಬೇಡ. ನಮಗೆ ನಮ್ಮ ಉದ್ದೇಶವಷ್ಟೇ ಲೆಕ್ಕ, ಪಕ್ಕದವನಿಗೆ ಮಾತ್ರ ಅವನ ಕೆಲಸದ ಲೆಕ್ಕ. ನಾನು ಸಿಗ್ನಲ್ ಹಾರಿದರೆ ಅರ್ಜೆಂಟು. ಅವನು ಹಾರಿದರೆ ಸಂಸ್ಕಾರವಿಲ್ಲ.

ತಿಳಿಸಿ ಹೇಳಿದರೆ ಸರಿಹೋಗುತ್ತಾರೆಯೇ? 2002ರಲ್ಲಿ ಎಮಿಲಿ ಪ್ರೊನಿನ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಗಾರರು ಅದನ್ನೂ ನೋಡಿದರು. ತಮ್ಮನ್ನು ತಾವು ಮೇಲೇರಿಸಿಕೊಳ್ಳುವ ಚಟ ಜನರಿಗಿದೆ ಅಂತ ಓದಿಸಿದ ಮೇಲೂ ಹೆಚ್ಚಿನವರು ಅಂದದ್ದು: ನಾನು ಕೊಟ್ಟುಕೊಂಡ ಅಂಕ ಸರಿಯಾಗಿಯೇ ಇದೆ.

ನೀವೂ ಓದಿದಿರಿ. ಯಾರಿಗೆ ಕಳಿಸಬೇಕು ಅಂತ ಹೆಸರು ಆಗಲೇ ಹೊಳೆದಿರಬೇಕು. ನಿಮ್ಮದಂತೂ ಅಲ್ಲ.