ಗುಲಾಬಿಗೊಂದು ಹೊದಿಕೆ

ಯುಗಾದಿ ಬಿಸಿಲಿಗೆ ಚಿಂತಾಮಣಿ ಕಡೆಯ ಟೊಮೇಟೊ ಹೊಲಗಳು ಜರಿ ಸೀರೆ ಉಟ್ಟಂತೆ ಮಿಂಚುತ್ತವೆ. ಎಲ್ಲಾ ಗಿಡದ ಬುಡದ ಮಣ್ಣಿಗೆ ಹೊದಿಸುವ ಮಲ್ಚಿಂಗ್ ಪೇಪರ್ ಮಹಿಮೆ. ಹೆಸರಿಗೆ ಪೇಪರ್, ಅಸಲಿಗೆ 25–30 ಮೈಕ್ರಾನ್ ಪ್ಲಾಸ್ಟಿಕ್. ಮೇಲಿನ ಬೆಳ್ಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ, ಕೆಳಗಿನ ಕಪ್ಪು ಕಳೆಯನ್ನು ಕತ್ತಲಲ್ಲಿ ಕೂರಿಸುತ್ತದೆ. 1,000 ಅಡಿ ಕೊರೆದರೂ ಬೋರ್‌ವೆಲ್ ಧೂಳು ಉಗುಳುವ ಸೀಮೆಯಲ್ಲಿ ತೇವ ಉಳಿದರೆ ಅದೇ ಲಾಭ.

ಬಸ್ಸಿನ ಕಿಟಕಿಯಿಂದ ಇದನ್ನು ಕಂಡ ನನ್ನಾಕೆಗೆ, ಚಿಕ್ಕಬಳ್ಳಾಪುರದ ನಮ್ಮ ಮನೆ ಮುಂದಿನ ಆರು ಗುಲಾಬಿ ಗಿಡಗಳು ಬೆತ್ತಲೆ ನಿಂತಿವೆ ಅನ್ನಿಸಿಬಿಟ್ಟಿತು. ಗಾರ್ಡನ್ ಕೆಲಸದ ಹುಡುಗ ಬಂದ, ಟೇಪು ಹಿಡಿದು ಅಳೆದ. "ತೆಂಗಿನ ಸಿಪ್ಪೆ ಚೂರು, ಎರಡಿಂಚು ದಪ್ಪ ಹಾಸ್ತೀವಿ ಸಾರ್" ಅಂದ. ರೇಟು ಕೇಳಿ ನೀರು ಬೇಕಾದದ್ದು ಗಿಡಕ್ಕಲ್ಲ, ನನಗೆ.

ಶಿಡ್ಲಘಟ್ಟದ ನಮ್ಮ ಅತ್ತೆ ಫೋನಿನಲ್ಲೇ ನಕ್ಕರು. "ಸಿಪ್ಪೆಗೂ ದುಡ್ಡಾ ಅಳಿಯಂದ್ರೇ? ರೇಷ್ಮೆ ಹುಳ ತಿಂದು ಬಿಟ್ಟ ಸೊಪ್ಪಿನ ಕಡ್ಡಿ ಇಲ್ಲಿ ರಾಶಿ ಬಿದ್ದೈತೆ!" ಅಷ್ಟರಲ್ಲಿ ಗೌರಿಬಿದನೂರಿನ ಷಡ್ಡಕ ಒಂದು ಮೂಟೆ ಕಡಲೆಕಾಯಿ ಸಿಪ್ಪೆ ತಂದು ಸುರಿದ. "ಬುಡಕ್ಕೆ ಒತ್ತಬೇಡ ಭಾವ, ಕಾಂಡ ಕೊಳೀತದೆ" ಅಂತ ನಾಲ್ಕು ಬೆರಳು ಜಾಗ ಬಿಡಿಸಿದ.

ಹದಿನೈದು ದಿನಕ್ಕೆ ಕಳೆ ನಾಪತ್ತೆ. ಸಿಪ್ಪೆಯಲ್ಲಿ ಉಳಿದಿದ್ದ ಬೀಜ ಮೊಳೆತು, ಗುಲಾಬಿ ಸುತ್ತ ಕಡಲೆಕಾಯಿ ಗಿಡ! ಕೀಳೋಣವೆಂದರೆ ನನ್ನಾಕೆ ಬಿಡುತ್ತಿಲ್ಲ. ಆಗಲೇ ಬೇಯಿಸಲು ಪಾತ್ರೆ ಗೊತ್ತುಮಾಡಿದ್ದಾಳೆ.