ಗೆದ್ದೋರ ಸಹನೆ

ಬನ್ನಿ ಮೇಷ್ಟ್ರೇ, ಒಂದ್ನಿಮಿಷ ಬೇಲಿ ಹತ್ರ ಬನ್ನಿ. ನಿನ್ನೆ ನೀವು ಅಂದ್ರಲ್ಲ, ಈಗಿನ ಕಾಲದಲ್ಲಿ ಸಹನೆ ಅಂದ್ರೆ ರಾಜಕೀಯ ಎತ್ತದೆ ಇರೋದು ಅಂತ, ಆ ಮಾತು ನನ್ನ ಗಂಟಲಲ್ಲಿ ಇಳೀಲಿಲ್ಲ. ನಿಮ್ಮೆದುರಿಗೇ ಹೇಳಿಬಿಡೋಣ ಅಂತ ಕಾಯ್ತಾ ಇದ್ದೆ.

ಬಾಯಿ ಕಟ್ಟಿಕೊಂಡ್ರೆ ಜಗಳ ನಿಲ್ಲುತ್ತೆ, ಒಪ್ಪೋಣ. ಮನಸ್ಸು ತಿಳಿಯಾಗುತ್ಯೇ? ನಮ್ಮ ನೆಂಟರ ವಾಟ್ಸ್‌ಆ್ಯಪ್ ಗ್ರೂಪ್ ನೋಡಿ. ಕಳೆದ ಚುನಾವಣೆ ಹೊತ್ತಿಗೆ ಇಬ್ಬರು ಷಡ್ಡಕರು ಕಿತ್ತಾಡಿಕೊಂಡ್ರು ಅಂತ, ಇನ್ಮೇಲೆ ಇಲ್ಲಿ ರಾಜಕೀಯ ಹಾಕಬಾರದು ಅಂತ ನಿಯಮ ಆಯ್ತು. ಈಗ ಅಲ್ಲಿ ಶುಭೋದಯ, ಹುಟ್ಟುಹಬ್ಬ ಬಿಟ್ರೆ ಇನ್ನೇನಿಲ್ಲ. ಆದ್ರೆ ಅವರವರ ಕಡೆಯೋರದ್ದೇ ಬೇರೆ ಎರಡು ಗ್ರೂಪ್ ಹುಟ್ಟಿಕೊಂಡಿವೆ. ಒಂದರಲ್ಲಿ ಇವರನ್ನ ಬೈತಾರೆ, ಇನ್ನೊಂದರಲ್ಲಿ ಅವರನ್ನ. ಮೊದಲು ಬೈಯೋದಾದ್ರೂ ಮುಖ ಕೊಟ್ಟು ಬೈತಿದ್ರು, ಉತ್ತರಾನೂ ಕೇಳಿಸ್ಕೋತಿದ್ರು.

ನನ್ನ ಮಟ್ಟಿಗೆ ಸಹನೆ ಅನ್ನೋದು ಗೆದ್ದೋರಿಗೆ ಬರೋ ಪರೀಕ್ಷೆ. ಸೋತೋನು ಬೇರೆ ದಾರಿ ಇಲ್ಲದೆ ಸಹಿಸ್ಕೋತಾನೆ. ಗೆದ್ದೋನ ಕೈಲಿ ಅಧಿಕಾರ ಇರುತ್ತೆ, ಜನ ಇರ್ತಾರೆ, ಕೈ ಎತ್ತಿಸೋ ಬಲ ಇರುತ್ತೆ. ಅಷ್ಟೆಲ್ಲ ಇದ್ದೂ ಎದುರಿನವನ ಮೇಲೆ ಅದನ್ನ ಪ್ರಯೋಗ ಮಾಡದೆ ತಡ್ಕೊಂಡ್ರೆ, ಆಗ ನಾನು ತಲೆಬಾಗ್ತೀನಿ.

ಇದಕ್ಕೆ ದೂರ ಹೋಗಬೇಕಿಲ್ಲ ಮೇಷ್ಟ್ರೇ, ನಮ್ಮ ಚಿಕ್ಕಮಗಳೂರೇ ಸಾಕು. ಹೂಂ, 1978ರ ಉಪಚುನಾವಣೆನೇ. ಅದಕ್ಕೆ ಮುಂಚಿನದನ್ನ ಮೊದಲು ನೆನೆಸ್ಕೊಳ್ಳಿ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂದಾಗ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಸಂಸದೀಯ ಸಮಿತಿ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದಿದ್ರು. ಅಲ್ಲೇ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದ್ರು, ಈಗ ಫ್ರೀಡಂ ಪಾರ್ಕ್ ಇದೆಯಲ್ಲ, ಅದೇ ಜಾಗ. ಜನಸಂಘದೋರು, ಸಮಾಜವಾದಿಗಳು ಎಲ್ಲಾ ಒಂದೇ ಗೋಡೆ ಒಳಗೆ. 'ಸಂಸ್ಕಾರ' ಸಿನಿಮಾದ ಚಂದ್ರಿ ಪಾತ್ರದ ಸ್ನೇಹಲತಾ ರೆಡ್ಡಿ ಅವರನ್ನೂ ಅದೇ ಜೈಲಲ್ಲಿ ಇಟ್ಟಿದ್ರು. ಆಕೆಗೆ ಆಸ್ತಮಾ. ಜೈಲಲ್ಲಿ ಉಸಿರಿಗೆ ಒದ್ದಾಡಿದ್ರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಗೆ ಬಿಟ್ರು, ಕೆಲವೇ ದಿನಕ್ಕೆ ತೀರಿಕೊಂಡ್ರು. ಅದನ್ನ ನೆನೆಸಿದ್ರೆ ಈಗಲೂ ನನಗೆ ಸಂಕಟ ಆಗುತ್ತೆ. ಅಧಿಕಾರದಲ್ಲಿದ್ದೋರಿಗೆ ಎದುರು ಮಾತು ಸಹಿಸೋಕೆ ಆಗದೆ ಇದ್ದಾಗ ಅದರ ಬೆಲೆ ಕಟ್ಟೋರು ಇಂಥವರು.

ಜನ 1977ರಲ್ಲಿ ಇಂದಿರಾ ಗಾಂಧಿಯವರನ್ನ ಸೋಲಿಸಿ ಮನೆಗೆ ಕಳಿಸಿದ್ರು. ಸರಿಯಾಗೇ ಮಾಡಿದ್ರು. ಮಾರನೇ ವರ್ಷ ಡಿ.ಬಿ. ಚಂದ್ರೇಗೌಡರು ನಮ್ಮ ಕ್ಷೇತ್ರ ಬಿಟ್ಟುಕೊಟ್ರು, ಜನತಾ ಪಕ್ಷದ ಕಡೆಯಿಂದ ವೀರೇಂದ್ರ ಪಾಟೀಲರು ನಿಂತ್ರು, ಇಂದಿರಮ್ಮ ಗೆದ್ರು. ನಮ್ಮಪ್ಪ ಇಂದಿರಮ್ಮನ ಕಡೆ, ನಿಮ್ಮ ತಂದೆಯೋರು ಕಟ್ಟಾ ಜನತಾ ಪಕ್ಷ. ಆದ್ರೆ ರೇಡಿಯೋ ಇದ್ದದ್ದು ನಿಮ್ಮ ಮನೇಲಿ! ನಮ್ಮಪ್ಪ ನಿಮ್ಮ ಜಗುಲಿ ಮೇಲೆ ಕೂತೇ ಫಲಿತಾಂಶ ಕೇಳಿದ್ದು. "ಗೆದ್ರಿ ಬಿಡಿ ಗೌಡ್ರೇ" ಅಂತ ನಿಮ್ಮ ತಂದೆಯೋರು ಕಾಫಿ ತರಿಸಿಕೊಟ್ರಂತೆ. ಹುಡುಗರು ಪಟಾಕಿ ಹಿಡ್ಕೊಂಡು ಬಂದ್ರೆ, "ಈ ಬೀದೀಲಿ ಬೇಡ, ಬಸ್ ಸ್ಟ್ಯಾಂಡ್ ಹತ್ರ ಹೊಡೀರಿ" ಅಂತ ನಮ್ಮಪ್ಪ ಅಟ್ಟಿದ್ರಂತೆ. ಇಬ್ಬರೂ ಕೊನೇವರೆಗೂ ರಾಜಕೀಯದಲ್ಲಿ ಒಂದಾಗಲಿಲ್ಲ. ವಾದಾನೂ ಬಿಡಲಿಲ್ಲ.

ದೆಹಲೀಲಿ ಏನಾಯ್ತು? ಆಗ ಲೋಕಸಭೆಯಲ್ಲಿ ಬಹುಮತ ಜನತಾ ಪಕ್ಷದ್ದು. ಇಂದಿರಮ್ಮ ಹಿಂದೆ ಪ್ರಧಾನಿಯಾಗಿದ್ದಾಗ ಮಾರುತಿ ಕಂಪನಿ ವಿಷಯಕ್ಕೆ ಮಾಹಿತಿ ಕಲೆಹಾಕ್ತಿದ್ದ ಅಧಿಕಾರಿಗಳಿಗೆ ಅಡ್ಡಿ ಮಾಡಿದ್ರು, ಅದು ಹಕ್ಕುಚ್ಯುತಿ ಅಂತ 1978ರ ಡಿಸೆಂಬರ್‌ನಲ್ಲಿ ಆಕೆಯನ್ನ ಸದನದಿಂದಲೇ ಉಚ್ಚಾಟನೆ ಮಾಡಿ ಜೈಲಿಗೂ ಕಳಿಸಿದ್ರು. ಆರೋಪದ ವಿಚಾರಣೆ ಆಗಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದ್ರೆ ನಾವು ಆರಿಸಿ ಕಳಿಸಿದ ಸದಸ್ಯರನ್ನ ಒಂದೆರಡು ತಿಂಗಳಲ್ಲೇ ಕೈ ಎತ್ತಿಸಿ ಹೊರಗೆ ಹಾಕಿದ್ರೆ, ಓಟು ಹಾಕಿದ ಕಾಫಿ ತೋಟದ ಆಳಿಗೆ ಏನು ಹೇಳಿದ ಹಾಗಾಯ್ತು? ನಿನ್ನ ಓಟು ನಮಗೆ ಹಿಡಿಸಲಿಲ್ಲ ಅಂತಲ್ಲವೇ? ವಿಚಾರಣೆ ಇಲ್ಲದೆ ಜೈಲಲ್ಲಿ ಕೊಳೆತು ಬಂದೋರ ಪಕ್ಷವೇ ಹೀಗೆ ಮಾಡಿತಲ್ಲ ಅನ್ನೋದು ನನ್ನ ಕೊರಗು. 1981ರಲ್ಲಿ ಲೋಕಸಭೆ ಆ ನಿರ್ಣಯವನ್ನ ರದ್ದು ಮಾಡಿತು ನಿಜ. ಆಗ ಬಹುಮತ ಆಕೆ ಕಡೆಗಿತ್ತು.

ಇನ್ನೊಂದು ಕೇಳಿ. ಅದೇ ವೀರೇಂದ್ರ ಪಾಟೀಲರು ಮುಂದೆ ಕಾಂಗ್ರೆಸ್ ಸೇರಿ ಕೇಂದ್ರ ಸಚಿವರಾದ್ರು, 1989ರಲ್ಲಿ ಕಾಂಗ್ರೆಸ್ಸಿನ ಮುಖ್ಯಮಂತ್ರಿಯೂ ಆದ್ರು. ಇಂದಿರಮ್ಮನಿಗೆ ಸೀಟು ಬಿಟ್ಟ ಚಂದ್ರೇಗೌಡರು 2009ರಲ್ಲಿ ಬಿಜೆಪಿಯಿಂದ ಬೆಂಗಳೂರು ಉತ್ತರಕ್ಕೆ ಸಂಸದರಾದ್ರು. ಅವರನ್ನ ದೂರೋಕೆ ಈ ಮಾತು ತೆಗೀಲಿಲ್ಲ. ನಾಯಕರ ಪಾಳೆಯ ಬದಲಾಗ್ತಾ ಇರುತ್ತೆ. ನಾವು ಇಲ್ಲಿ ಅವರ ಹೆಸರಲ್ಲಿ ಷಡ್ಡಕನ ಮನೆ ಗೃಹಪ್ರವೇಶಕ್ಕೆ ಹೋಗಲ್ಲ ಅಂತ ಕೂರ್ತೀವಿ.

ಹಂಗಾದ್ರೆ ಎಲ್ಲವನ್ನೂ ಸಹಿಸ್ಕೋಬೇಕಾ ಅಂತೀರಾ? ಖಂಡಿತ ಇಲ್ಲ. 2015ರಲ್ಲಿ ಧಾರವಾಡದಲ್ಲಿ ಸಂಶೋಧಕ ಕಲಬುರ್ಗಿಯವರನ್ನ, 2017ರಲ್ಲಿ ಬೆಂಗಳೂರಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನ ಮನೆ ಹತ್ರನೇ ಗುಂಡು ಹೊಡೆದು ಕೊಂದ್ರು. ಅವರ ಮಾತು ಒಪ್ಪದೆ ಇರೋ ಹಕ್ಕು ಎಲ್ಲರಿಗೂ ಇತ್ತು. ಖಂಡಿಸಿ ಬರೀಬಹುದಿತ್ತು, ಸಭೆ ಮಾಡಬಹುದಿತ್ತು, ಕೋರ್ಟಿಗೆ ಹೋಗಬಹುದಿತ್ತು. ಕೊಲೆಯಾದಾಗಲೂ "ಆದ್ರೆ ಅವರೂ ಹಂಗೆ ಬರೀಬಾರದಿತ್ತು" ಅಂತ ರಾಗ ಎಳೆದೋರು ನಮ್ಮೂರಲ್ಲೇ ಇದ್ರು. ಆ "ಆದ್ರೆ" ಇದೆಯಲ್ಲ, ಅದನ್ನ ನಾನು ಸಹಿಸಲ್ಲ. ಪಕ್ಷ ಯಾವುದೇ ಇರಲಿ.

ಈಗ ನಮ್ಮ ಪಂಚಾಯ್ತಿಗೇ ಬರೋಣ. ಈ ಸಲ ಗೆದ್ದಿರೋರು ನಮ್ಮ ಕಡೆಯೋರೇ. ಕೆಳಗಿನ ಕೇರಿ ಜನ ಆ ಕಡೆಗೆ ಓಟು ಹಾಕಿದ್ರು ಅನ್ನೋದು ಎಲ್ಲರಿಗೂ ಗೊತ್ತು. ಫಲಿತಾಂಶ ಬಂದಾಗಿನಿಂದ ಆ ಕೇರಿಗೆ ನೀರು ಬಿಡೋದು ನಡುರಾತ್ರಿ. ವಾಲ್ವ್ ತಿರುಗಿಸೋ ಹುಡುಗನ್ನ ಕೇಳಿದ್ರೆ, "ಮೇಲಿಂದ ಹೇಳಿದಂಗೆ ಮಾಡ್ತೀನಿ ಅಣ್ಣಾ" ಅಂತಾನೆ. ಹೆಂಗಸರು ನಿದ್ದೆಗೆಟ್ಟು ಬಿಂದಿಗೆ ಸಾಲು ಹಚ್ಚಿಕೊಂಡು ಕೂರ್ತಾರೆ, ಬೆಳಗ್ಗೆ ಎದ್ದು ಕಾಫಿ ಕುಯ್ಯೋಕೆ ಹೋಗ್ತಾರೆ. ಇದರ ಮೇಲೆ ಯಾರೂ ಭಾಷಣ ಮಾಡಲ್ಲ, ಟಿವೀಲೂ ಬರಲ್ಲ. ಅವರೇ ಕೇಳಿದ್ರೆ "ಸೋತ ಹೊಟ್ಟೆಕಿಚ್ಚು" ಅಂತ ತಳ್ಳಿಹಾಕ್ತಾರೆ. ಗೆದ್ದ ಕಡೆಯೋನು ನಾನು ಕೇಳಿದ್ರೆ ಹಾಗನ್ನೋಕೆ ಬಾಯಿ ಬರಲ್ಲ.

ಗುರುವಾರ ಗ್ರಾಮಸಭೆ ಇದೆ. ಆ ಕೇರಿಗೆ ಬೆಳಗ್ಗೆ ಆರಕ್ಕೆ ನೀರು ಬಿಡಬೇಕು ಅಂತ ಅರ್ಜಿ ಬರೆದಿಟ್ಟಿದ್ದೀನಿ, ನಮ್ಮ ಹುಡುಗರು ಮುಖ ಗಂಟು ಹಾಕ್ಕೊಂಡ್ರೂ ಪರವಾಗಿಲ್ಲ. ನೀವು ಆ ಪಕ್ಷದೋರು, ನಾನು ಈ ಪಕ್ಷದೋನು, ಎರಡು ಸಹಿ ಕೆಳಗೆ ಮೇಲೆ ಬಿದ್ರೆ ಪಿಡಿಒ ಸಾಹೇಬರು ಪಕ್ಕಕ್ಕೆ ಇಡೋಕಾಗಲ್ಲ. ಕನ್ನಡಕ ಇದ್ಯಾ ಜೇಬಲ್ಲಿ? ಓದಿ ನೋಡಿ. ತಪ್ಪಿದ್ರೆ ತಿದ್ದಿ, ಆಮೇಲೆ ಸಹಿ ಹಾಕಿ.