ಹಿಂದೆ ನಿಲ್ಲುವವರು

ಜೆ.ಪಿ. ನಗರದಿಂದ ಬಿ.ಟಿ.ಎಂ. ಲೇಔಟ್‌ವರೆಗೆ ಈಗ ಎಲ್ಲಿ ನೋಡಿದರೂ ಫುಟ್‌ಬಾಲ್ ಟರ್ಫ್. ಸೈಟು ಖಾಲಿ ಇದ್ದರೆ ಟರ್ಫ್, ತಾರಸಿ ಖಾಲಿ ಇದ್ದರೂ ಟರ್ಫ್. ಆಫೀಸು ಮುಗಿಸಿದ ಹುಡುಗರು ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ರಾತ್ರಿ ಬಹಳ ಹೊತ್ತಿನವರೆಗೂ ಬಲೆಯೊಳಗೆ ಇರುತ್ತಾರೆ. ಚೆಂಡನ್ನು ಒದ್ದು ಆಡುತ್ತಾರೋ, ಸುಮ್ಮನೆ ಒದ್ದಾಡುತ್ತಾರೋ, ಹೊರಗಿನಿಂದ ಹೇಳುವುದು ಕಷ್ಟ. ಆಟಕ್ಕೆ ಮುಂಚೆ ಒಂದು ಪಂಚಾಯಿತಿ ಮಾತ್ರ ತಪ್ಪುವುದಿಲ್ಲ: ಹಿಂದೆ ಯಾರು ನಿಲ್ಲೋದು? ಎಲ್ಲರಿಗೂ ಸುನಿಲ್ ಚೆಟ್ರಿಯೇ ಆಗಬೇಕು. ಕೊನೆಗೆ, ಮದುವೆಯಾದ ಮೇಲೆ ಕೊಂಚ ಹೊಟ್ಟೆ ಬಂದವನೊಬ್ಬನ ಬೆನ್ನು ತಟ್ಟಿ, ‘ಮಗಾ, ನೀನು ಬ್ಯಾಕ್ ನೋಡ್ಕೋ’ ಅನ್ನುತ್ತಾರೆ. ಅವನೂ ಪಾಪ, ಉಸಿರು ಉಳಿಯಿತಲ್ಲ ಎಂದು ಒಪ್ಪಿಕೊಳ್ಳುತ್ತಾನೆ.

ಮದುವೆ ಮನೆಯಲ್ಲಿ ಉಗ್ರಾಣದ ಬೀಗದಕೈ ಇಟ್ಟುಕೊಂಡ ದೊಡ್ಡಪ್ಪನ ಕೆಲಸ ಅದು. ಫೋಟೋದಲ್ಲಿ ಅವರು ಇರುವುದಿಲ್ಲ, ಅಕ್ಷತೆ ಹಾಕುವ ಹೊತ್ತಿಗೂ ಸಿಗುವುದಿಲ್ಲ. ಮೂರನೇ ಪಂಕ್ತಿಗೆ ಜಿಲೇಬಿ ಸಾಲದೆ ಹೋದರೆ ಮಾತ್ರ ಬನಶಂಕರಿಯಿಂದ ಬಸವನಗುಡಿವರೆಗಿನ ಅಷ್ಟೂ ನೆಂಟರಿಗೆ ಅವರ ಹೆಸರು ತಿಳಿಯುತ್ತದೆ. ಆದರೆ ಯಾವ ಪಂಕ್ತಿಗೆ ಎಷ್ಟು ಎಲೆ, ಯಾರು ಬಂದರು, ಯಾರು ಮುನಿಸಿಕೊಂಡು ಹೋದರು ಎಂಬ ಲೆಕ್ಕವೆಲ್ಲ ಇರುವುದು ಅವರ ತಲೆಯಲ್ಲೇ. ಮುಂದಿನ ಮದುವೆಯ ಯಜಮಾನಿಕೆಗೆ ಅವರನ್ನೇ ಕರೆಯುತ್ತಾರೆ. ಡಿಫೆಂಡರ್‌ಗಳು ಕೋಚ್ ಆಗುವುದು ಹೀಗೆಯೇ ಎಂಬುದು ನನ್ನ ಸಿದ್ಧಾಂತ. ಹಿಂದೆ ನಿಂತವನಿಗೆ ಇಡೀ ಮೈದಾನ ಕಾಣುತ್ತದೆ. ಮುಂದೆ ಓಡುವವನಿಗೆ ಗೋಲು ಮಾತ್ರ.

ಈ ಸಿದ್ಧಾಂತಕ್ಕೆ ನನಗೆ ಸಿಕ್ಕ ಹಳೆಯ ಸಾಕ್ಷಿ ಆಸ್ಟ್ರಿಯಾದ ಯೋಸೆಫ್ ಬ್ಲುಮ್. ದೇಶಕ್ಕಾಗಿ 51 ಪಂದ್ಯ ಆಡಿದ ಡಿಫೆಂಡರ್. 1931ರ ಮೇ 16ರಂದು ವಿಯೆನ್ನಾದಲ್ಲಿ ಆಸ್ಟ್ರಿಯಾ ಸ್ಕಾಟ್ಲೆಂಡನ್ನು 5–0ಯಿಂದ ಸೋಲಿಸಿ ಯುರೋಪನ್ನೇ ಬೆಚ್ಚಿಬೀಳಿಸಿದಾಗ ಹಿಂದೆ ನಿಂತಿದ್ದವರಲ್ಲಿ ಈತನೂ ಒಬ್ಬ. ಐದು ಗೋಲು ಹೊಡೆದವರನ್ನು ಜಗತ್ತು ನೆನೆಯುತ್ತದೆ, ಆ ಸೊನ್ನೆಯನ್ನು ಕಾದವರನ್ನು ಯಾರು ಕೇಳುತ್ತಾರೆ? ಅದೇ ವರ್ಷ ಬ್ಲುಮ್‌ನ ಕ್ಲಬ್ಬು ಫಸ್ಟ್ ವಿಯೆನ್ನಾ, ಮಧ್ಯ ಯುರೋಪಿನ ಕ್ಲಬ್ಬುಗಳ ಮಿತ್ರೋಪಾ ಕಪ್ ಗೆದ್ದಿತು. ಎರಡು ವರ್ಷದ ಮೇಲೆ, 1933ರಲ್ಲಿ, ಅದೇ ಕಪ್ಪನ್ನು ಆಸ್ಟ್ರಿಯಾ ವಿಯೆನ್ನಾ ಕ್ಲಬ್ಬಿನ ಕೋಚ್ ಆಗಿ ಮತ್ತೆ ಎತ್ತಿಕೊಂಡ. ಫೈನಲ್‌ನ ಎರಡನೇ ಪಂದ್ಯದ ಮೂರು ಗೋಲು ಹೊಡೆದದ್ದು ಮುಂದೆ ಆಡುವ ಸಿಂಡೆಲಾರ್. ಮಾತೆಲ್ಲ ಇವತ್ತಿಗೂ ಸಿಂಡೆಲಾರನದೇ.

ಆ ಕಾಲದ ವಿಯೆನ್ನಾದಲ್ಲಿ ಅರ್ಧ ಫುಟ್‌ಬಾಲ್ ನಡೆಯುತ್ತಿದ್ದದ್ದು ಕಾಫಿಹೌಸುಗಳಲ್ಲಿ. ಒಂದು ಲೋಟ ಮುಂದಿಟ್ಟುಕೊಂಡು ಸಂಜೆಯಿಡೀ ಕೂತು ತಂತ್ರ ಹೆಣೆಯುತ್ತಿದ್ದರಂತೆ. ನಮ್ಮ ಜಯನಗರದ ದರ್ಶಿನಿಗಳಲ್ಲಿ ನಿಂತುಕೊಂಡೇ ಬೈಟೂ ಕಾಫಿ ಕುಡಿದು ಹಿಂದಿನವರಿಗೆ ಜಾಗ ಬಿಡಬೇಕು. ಅಷ್ಟರಲ್ಲಿ ಸೈಟಿನ ರೇಟು, ಕ್ರಿಕೆಟ್ ಸ್ಕೋರು ಮುಗಿಸುವುದೇ ಹೆಚ್ಚು. ದಕ್ಷಿಣ ಬೆಂಗಳೂರು ಫುಟ್‌ಬಾಲ್‌ನಲ್ಲಿ ಹಿಂದುಳಿದದ್ದು ಕುರ್ಚಿ ಇಲ್ಲದ ಕಾರಣಕ್ಕೇ ಇರಬೇಕು.

ಬೆಂಗಳೂರಿನ ಉಳಿದ ಭಾಗದ ಮೇಲೆ ಈ ಆಪಾದನೆ ನಿಲ್ಲುವುದಿಲ್ಲ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದ ವರ್ಷವೇ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದದ್ದು ಬೆಂಗಳೂರಿನ ಎಸ್. ರಾಮನ್. ಆ ತಂಡದಲ್ಲಿ ಬರಿಗಾಲಲ್ಲಿ ಓಡಿದವರೇ ಹೆಚ್ಚು. ಪಂದ್ಯ ಹೋಯಿತು, 1–2. ಸಿಕ್ಕ ಎರಡು ಪೆನಾಲ್ಟಿಗಳೂ ವ್ಯರ್ಥವಾದವು. ಒಂದನ್ನು ಹಾಳುಮಾಡಿದ್ದು ಶೈಲೇನ್ ಮನ್ನಾ, ಅವರು ಡಿಫೆಂಡರ್. ಮುಂದೆ ಬಂದು ಒದೆಯಲು ಅವರಿಗೆ ಹೇಳಿದವರು ಯಾರೋ!

ನಮ್ಮೂರಿನ ಬ್ಲುಮ್ ಬಂದದ್ದು 2013ರಲ್ಲಿ, ಅದೂ ಇಂಗ್ಲೆಂಡಿನಿಂದ. ಆಶ್ಲೆ ವೆಸ್ಟ್‌ವುಡ್ ಬ್ರಾಡ್‌ಫರ್ಡ್ ಸಿಟಿ, ಶೆಫೀಲ್ಡ್ ವೆನ್ಸ್‌ಡೇ ಮುಂತಾದ ಕ್ಲಬ್ಬುಗಳಲ್ಲಿ ಹಿಂದೆ ನಿಂತು ಸವೆದ ಡಿಫೆಂಡರ್. ಆಗಷ್ಟೇ ಹುಟ್ಟಿದ ಬೆಂಗಳೂರು ಎಫ್‌ಸಿಯನ್ನು ಅವರ ಕೈಗೆ ಕೊಟ್ಟರು. ಅಶೋಕನಗರದ ಹಳೆಯ ಸ್ಟೇಡಿಯಂನಲ್ಲಿ ಆಡಿ, ಮೊದಲ ವರ್ಷವೇ ಐ-ಲೀಗ್ ಗೆದ್ದುಬಿಟ್ಟರು. ಆಮೇಲೆ ಫೆಡರೇಶನ್ ಕಪ್. ಜಯನಗರದ ಬ್ಲಾಕುಗಳ ಹುಡುಗರು ನೀಲಿ ಜೆರ್ಸಿ ತೊಟ್ಟು ಕಂಠೀರವದ ವೆಸ್ಟ್ ಬ್ಲಾಕಿಗೆ ಹೋಗಿ ಗಂಟಲು ಹರಿದುಕೊಂಡು ಬರತೊಡಗಿದ್ದು ಆಗಲೇ. ಮನೆಯಲ್ಲಿ ಅಮ್ಮಂದಿರು ಕಷಾಯ ಮಾಡಿಟ್ಟು ಕಾಯುತ್ತಿದ್ದರು.

2015ರ ಮೇ 31ರ ಮಳೆಯ ಸಂಜೆಯನ್ನು ಆ ಹುಡುಗರು ಈಗಲೂ ಮರೆತಿಲ್ಲ. ಮೋಹನ್ ಬಗಾನ್ ವಿರುದ್ಧ ಗೆದ್ದರೆ ಐ-ಲೀಗ್ ಮತ್ತೆ ನಮ್ಮದು. ಮೊದಲು ಗೋಲು ಹೊಡೆದದ್ದು ಜಾನ್ ಜಾನ್ಸನ್, ನಮ್ಮ ಡಿಫೆಂಡರ್. ಇನ್ನೇನು ಮುಗಿಯಿತು ಅನ್ನುವಾಗ, 87ನೇ ನಿಮಿಷದಲ್ಲಿ, ತಲೆ ಕೊಟ್ಟು ಸಮ ಮಾಡಿದ್ದು ಬೆಲ್ಲೊ ರಜಾಕ್, ಅವರ ಡಿಫೆಂಡರ್. ಕಪ್ ಕೋಲ್ಕತ್ತಾಕ್ಕೆ ಹೋಯಿತು. ಉಗ್ರಾಣದ ದೊಡ್ಡಪ್ಪಂದಿರೇ ಹಸೆಮಣೆ ಹತ್ತಿದರೆ ಇನ್ನೇನಾದೀತು? 2016ರಲ್ಲಿ ಆ ಕಪ್ಪನ್ನು ವಾಪಸು ತಂದುಕೊಟ್ಟು ವೆಸ್ಟ್‌ವುಡ್ ಹೊರಟರು. 2019ರ ಐಎಸ್‌ಎಲ್ ಫೈನಲ್‌ನಲ್ಲಿ, ಹೆಚ್ಚುವರಿ ಸಮಯದ 117ನೇ ನಿಮಿಷದಲ್ಲಿ ತಲೆಯಿಂದ ಗೋಲು ಹೊಡೆದು ಬೆಂಗಳೂರನ್ನು ಗೆಲ್ಲಿಸಿದ ರಾಹುಲ್ ಭೆಕೆಯೂ ಡಿಫೆಂಡರೇ.

ವೆಸ್ಟ್‌ವುಡ್ ಆಮೇಲೆ ಏನಾದರು ಎಂದು ಟರ್ಫಿನ ಹುಡುಗರು ಕೇಳುವುದಿಲ್ಲ, ಕೇಳಿದರೆ ಹೇಳಲು ನನಗೂ ಕೊಂಚ ಸಂಕಟ. 2024ರ ಮಾರ್ಚ್‌ನಲ್ಲಿ ಅಫ್ಘಾನಿಸ್ತಾನದ ಕೋಚ್ ಆಗಿ ಗುವಾಹಟಿಗೆ ಬಂದರು. ಅಫ್ಘಾನಿಸ್ತಾನ ಭಾರತವನ್ನು 2–1ರಿಂದ ಸೋಲಿಸಿತು. 2025ರ ಜೂನ್‌ನಲ್ಲಿ ಹಾಂಕಾಂಗ್ ಕೋಚ್ ಆಗಿದ್ದರು. ಹಾಂಕಾಂಗ್ ಕೂಡ ಭಾರತವನ್ನು ಸೋಲಿಸಿತು, 1–0.